ರಾಹುಕಾಲದ ಲಿಂಕು

ಭಾನುಪ್ರಿಯಾ ಬಾಗಿಲು ದೂಡಿಕೊಂಡು ಬಂದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಅಲುಗಿತು.

"ಅಕ್ಕಾ! ಹತ್ತು ಜನರ್ನ ಆರ್ಸವ್ರೆ ಕಣಕ್ಕ. ಅದ್ರಲ್ಲಿ ನಾನೂ ಒಬ್ಳು!"

ಮೂರನೆಯ ಕ್ಯಾಬಿನ್ನಿನಿಂದ ಯಾರೋ ಶ್ ಎಂದರು.

"ಶ್ ಅನ್ಬೇಡಿ ಸಾರ್. ಮುಂದಿನ ತಿಂಗಳು ಇದೇ ದನಿ ಕೇಳಕ್ಕೆ ನೀವು ರೇಡಿಯೋ ಹಾಕ್ಬೇಕಾಯ್ತದೆ" ಎಂದಳು ಅವಳು.

ಅದು ೨೦೦೮ರ ಜುಲೈ, ಒಂದು ಭಾನುವಾರ. ಕುವೆಂಪುನಗರದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ, ಮನೆಯ ಮುಂಭಾಗದಲ್ಲೇ, ನಮ್ಮ ಸೈಬರ್ ಕೆಫೆ. ನಮ್ಮದು ಎಂದರೆ ನನ್ನ ಗಂಡ ಮಹೇಶ್ ಶುರು ಮಾಡಿದ್ದು. ಅವರು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಎಂಟು ಕಂಪ್ಯೂಟರು, ಎಂಟು ಪ್ಲೈವುಡ್ ಕ್ಯಾಬಿನ್ನು, ಒಂದು ರಿಜಿಸ್ಟರು. ಬಂದವರ ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆದಿಡಬೇಕೆಂದು ಪೊಲೀಸರ ನಿಯಮ. ನಾನು ಬರೆಯುತ್ತಿದ್ದೆ. ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವಳಿಗೆ ಕಷ್ಟದ ಕೆಲಸವಲ್ಲ. ಮುಖ ನೋಡದೆ ಹೆಸರು ಕೇಳಬಹುದು, ಕೇಳಿದ್ದನ್ನು ಬರೆಯಬಹುದು. ಸಂಜೆಯಾಗುತ್ತದೆ.

ಭಾನು ಅಶೋಕಪುರಂನ ಹುಡುಗಿ. ಬಿ.ಎ. ಮುಗಿಸಿ ಅಲ್ಲೇ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಳು. ಹೊಸದಾಗಿ ಬರಲಿದ್ದ ಒಂದು ಎಫ್ಎಂ ವಾಹಿನಿ ಬೆಳಗಿನ ಕಾರ್ಯಕ್ರಮಕ್ಕೆ ಮೈಸೂರಿನ ದನಿ ಹುಡುಕುತ್ತಿದೆ ಎಂದು ತಿಳಿದಾಗ, ನಮ್ಮ ಆರನೆಯ ಕ್ಯಾಬಿನ್ನಿನಲ್ಲಿ ಕೂತು ಎರಡು ನಿಮಿಷ ಮಾತಾಡಿ ಕಳಿಸಿದ್ದಳು. ರೈಲ್ವೆ ವರ್ಕ್‌ಶಾಪಿನ ಸೈರನ್ನಿಗೆ ಏಳುವ ತನ್ನ ಬೀದಿಯ ಬಗ್ಗೆ. ಅವಳ ಅಪ್ಪ ಮೂಗಯ್ಯ ಅದೇ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು.

ಈಗ ಹತ್ತು ದನಿಗಳು ವಾಹಿನಿಯ ವೆಬ್‌ಸೈಟಿನಲ್ಲಿದ್ದವು. ಯಾರು ಬೇಕಾದರೂ ಕೇಳಿ ಮತ ಹಾಕಬಹುದು. ಒಂದು ಇಮೇಲ್ ವಿಳಾಸಕ್ಕೆ ಒಂದೇ ಮತ. ಸೋಮವಾರ ಬೆಳಿಗ್ಗೆಯಿಂದ ಶುಕ್ರವಾರ ಸಂಜೆ ಐದರವರೆಗೆ. ಮೊದಲ ಎರಡು ಸ್ಥಾನದವರಿಗೆ ಮಾತ್ರ ಸಂದರ್ಶನ.

"ಎರಡು ಕಡೆ ಇಂಟರ್ವ್ಯೂಗೆ ಹೋಗಿದ್ದೆ ಅಕ್ಕ" ಎಂದಳು ಭಾನು, ದನಿ ಇಳಿಸಿ. "ಮನೆ ಎಲ್ಲಿ ಅಂತಾರೆ. ಅಶೋಕಪುರಂ ಅಂತೀನಿ. ಆಮೇಲೆ ಭಾಷೆ ಸರಿಯಿಲ್ಲ ಅಂತಾರೆ. ಇಲ್ಲಿ ಅಡ್ರೆಸ್ಸೇ ಕೇಳಿಲ್ಲ ನೋಡಿ. ಜನ ಬರೀ ದನಿ ಕೇಳಿ ಒತ್ತುತಾರೆ. ಜನಾನೇ ಆರಿಸಿದ ಮೇಲೆ ಅವ್ರು ಎಂಗೆ ಬೇಡ ಅಂತಾರೆ?"

"ಜನಕ್ಕೆ ಹೇಗೆ ಗೊತ್ತಾಗುತ್ತೆ?" ಎಂದೆ.

"ಅದಕ್ಕೇ ತಾನೆ ಆರ್ಕುಟ್ ಇರೋದು!"

ಆರ್ಕುಟ್‌ನಲ್ಲಿ 'ಮೈಸೂರಿಗರು' ಎಂಬ ಬಳಗವಿತ್ತು. ಇಪ್ಪತ್ತು ಸಾವಿರ ಸದಸ್ಯರು. ಬಾಡಿಗೆ ಮನೆ, ಮಾರಾಟದ ಸೈಟು, ಹೊಸ ಟ್ಯೂಷನ್ನು, ಸೀರೆ ಸೇಲು, ಜಗಳ, ಎಲ್ಲ ಅಲ್ಲೇ. ಹೊಸ ವಿಷಯ ಹಾಕಿದರೆ ಪಟ್ಟಿಯ ತಲೆಯಲ್ಲಿ ನಿಲ್ಲುತ್ತದೆ. ಮತ್ತೊಂದು ಬಂದರೆ ಕೆಳಗಿಳಿಯುತ್ತದೆ. ಯಾರಾದರೂ ಉತ್ತರ ಬರೆದರೆ ಮತ್ತೆ ಮೇಲೇರುತ್ತದೆ. ಬಳಗ ನೋಡಿಕೊಳ್ಳುತ್ತಿದ್ದವರು ಚಂದ್ರಮೌಳಿ ಎಂಬುವರು. ಅವರನ್ನು ಯಾರೂ ಕಂಡವರಿಲ್ಲ, ಆದರೆ ಎಲ್ಲರೂ ಹೆದರುತ್ತಿದ್ದರು. ಒಂದು ಲಿಂಕು ದಿನಕ್ಕೆ ಒಂದೇ ಸಲ. ಹಾಕಿದವರೇ ಕೆಳಗೆ ಉತ್ತರ ಬರೆದು ಮೇಲೆ ತಂದುಕೊಂಡರೆ ಅಳಿಸಿ, ಬಳಗದಿಂದಲೇ ಹೊರಗೆ.

ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಐದೇ ಅವಕಾಶ.

ಇದೆಲ್ಲ ಕೇಳಿಸಿಕೊಳ್ಳುತ್ತ ಬಾಗಿಲ ಬಳಿಯ ಕುರ್ಚಿಯಲ್ಲಿದ್ದವರು ನನ್ನ ಮಾವ ವೃಷಭೇಂದ್ರಪ್ಪ. ಸಂತೇಪೇಟೆಯಲ್ಲಿ ನಲವತ್ತು ವರ್ಷ ಬೇಳೆಕಾಳಿನ ಮಂಡಿ ನಡೆಸಿದವರು. ಅಷ್ಟೂ ವರ್ಷದಲ್ಲಿ ರಾಹುಕಾಲದಲ್ಲಿ ಒಂದು ಮೂಟೆಯ ಬಾಯಿ ಬಿಚ್ಚಿದವರಲ್ಲ.

"ಹೆಣ್ಣುಮಗು ಒಂದು ಕೆಲಸಕ್ಕೆ ಕೈಹಾಕ್ತಿದೆ. ಒಳ್ಳೆ ಹೊತ್ತು ನೋಡಿ ಹಾಕ್ಬೇಕು ಕಣಮ್ಮ" ಎಂದು ಪಂಚಾಂಗ ತೆಗೆದರು. "ನಾಳೆ ಏಳೂವರೆಗೆ ರಾಹುಕಾಲ ಶುರು. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಪ್ರಶಸ್ತವಾಗಿದೆ."

"ನಮ್ಮನೇಲಿ ಅವೆಲ್ಲ ನೋಡಲ್ಲ ಅಪ್ಪಾಜಿ" ಎಂದಳು ಭಾನು. "ಗೋಡೆ ಮೇಲೆ ಬುದ್ಧ, ಬಾಬಾಸಾಹೇಬ್ರು ಇಬ್ಬರೇ. ಆದ್ರೂ ನೀವು ಪ್ರೀತಿಯಿಂದ ಹೇಳ್ತಿದೀರಲ್ಲ, ಆರು ಇಪ್ಪತ್ತಕ್ಕೇ ಆಗ್ಲಿ ಬುಡಿ."

ಸೋಮವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಲಿಂಕು ಹೋಯಿತು. ಎಂಟರ ಹೊತ್ತಿಗೆ ಅದು ಎರಡನೆಯ ಪುಟದಲ್ಲಿತ್ತು, ಹತ್ತಕ್ಕೆ ಐದನೆಯದರಲ್ಲಿ. ಸಂಜೆ ನೋಡಿದರೆ ಹದಿನಾಲ್ಕು ಮತ. ಮೊದಲನೆಯ ಸ್ಥಾನದಲ್ಲಿದ್ದವಳಿಗೆ ಇನ್ನೂರ ಹತ್ತು. ಎರಡನೆಯ ಸ್ಥಾನದ ಅಕ್ಷತಾ ಎಂಬ ಹುಡುಗಿಗೆ ನೂರ ಎಪ್ಪತ್ತು.

"ಹದಿನಾಲ್ಕರಲ್ಲಿ ಹನ್ನೆರಡು ನಮ್ಮ ಬೀದಿಯವ್ರೇ" ಎಂದಳು ಭಾನು. "ಇನ್ನೆರಡು ಯಾರು ಪುಣ್ಯಾತ್ಮರು ಅಂತ."

ಮಂಗಳವಾರ ಅವಳು ತನ್ನದೇ ಲೆಕ್ಕ ಹಾಕಿದಳು. ಕೆಫೆ ತುಂಬಿರುವುದು ಸಂಜೆ ಏಳಕ್ಕೆ, ಹಾಗಾದರೆ ಏಳಕ್ಕೇ ಹಾಕೋಣ. ಹಾಕಿದಳು. ಊರಿನ ಎಲ್ಲರಿಗೂ ಅದೇ ಲೆಕ್ಕ ಹೊಳೆದಿತ್ತು. ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಹೊಸ ವಿಷಯಗಳು ಬಂದು, ಅವಳ ಲಿಂಕು ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಇಳಿದುಹೋಯಿತು. ಎಪ್ಪತ್ತೊಂದು ಮತ.

ಅವಳು ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬರ್ತೀನಿ ಅಕ್ಕ" ಎಂದಳು. ಅಷ್ಟೇ ಎಂದಳು. ಬೇರೆ ದಿನ ಬಾಗಿಲಲ್ಲಿ ನಿಂತು ಕಾಲು ಗಂಟೆ ಮಾತಾಡುವವಳು.

ಬುಧವಾರ ಬೆಳಿಗ್ಗೆ ಕೆಫೆ ತೆರೆದ ಮೇಲೆ ನಾನು ಡ್ರಾಯರಿನಿಂದ ಒಂದು ಗ್ರಾಫ್ ಹಾಳೆ ತೆಗೆದೆ. ಯಾಕೆ ತೆಗೆದೆ ಎಂದು ಹೇಳಲಾರೆ. ಕೈ ತಾನಾಗಿ ಅಡ್ಡಕ್ಕೆ ವಾರದ ದಿನಗಳನ್ನೂ ಉದ್ದಕ್ಕೆ ಅರ್ಧರ್ಧ ಗಂಟೆಗಳನ್ನೂ ಬರೆಯಿತು. ಆರು ವಾರದ ರಿಜಿಸ್ಟರು ಬಿಚ್ಚಿಟ್ಟುಕೊಂಡು, ಬಂದ ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ ಇಡುತ್ತ ಹೋದೆ. ಪರದೆಯಲ್ಲಿ 'ಮೈಸೂರಿಗರು' ಬಳಗ ತೆರೆದು, ಹೊಸ ವಿಷಯಗಳು ಯಾವಾಗ ಬಂದಿವೆ, ಉತ್ತರಗಳು ಯಾವಾಗ ಬಂದಿವೆ ಎಂದು ಬೇರೆ ಬಣ್ಣದಲ್ಲಿ ಗುರುತು ಹಾಕಿದೆ.

ಗಂಟೆವಾರು ಸರಾಸರಿ ತೆಗೆದರೆ ಏನೂ ಕಾಣಲಿಲ್ಲ. ಸಂಜೆಯ ಗುಂಪು ಬಿಟ್ಟರೆ ಉಳಿದದ್ದು ಚೆಲ್ಲಿದ ಸಾಸಿವೆ. ಆದರೆ ಹಾಳೆಯನ್ನು ದೂರ ಹಿಡಿದು ನೋಡಿದಾಗ ಹಗಲಿನ ಹೊತ್ತಿನಲ್ಲಿ ಕೆಲವು ಕಡೆ ಚುಕ್ಕಿಗಳು ಮುದ್ದೆಗಟ್ಟಿದ್ದವು. ಒಂದೊಂದು ದಿನ ಒಂದೊಂದು ಹೊತ್ತಿನಲ್ಲಿ. ಮಂಗಳವಾರ ಮಧ್ಯಾಹ್ನ ಮೂರರ ಮೇಲೆ. ಗುರುವಾರ ಒಂದೂವರೆಯ ಮೇಲೆ. ಶುಕ್ರವಾರ ಹತ್ತೂವರೆ. ಅದೇ ಹೊತ್ತಿನಲ್ಲಿ ಬಳಗದಲ್ಲಿ ಹೊಸ ವಿಷಯಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉತ್ತರಗಳು ಮಾತ್ರ ಸಾಲುಸಾಲು. ಓದುವವರು ಕೂತಿದ್ದಾರೆ, ಹೊಸದಾಗಿ ಹಾಕುವವರಿಲ್ಲ. ಯಾಕೆ?

ಆಗ ಮಾವ ಒಳಗೆ ಬಂದರು. ಹಿಂದೆ ಎಲೆಕ್ಟ್ರಿಷಿಯನ್ನು, ಕೈಯಲ್ಲಿ ಹೊಸ ಫ್ಯಾನು.

"ಹೇಮಾ, ಹನ್ನೊಂದೂ ಮುಕ್ಕಾಲು ಆಯ್ತು. ಹನ್ನೆರಡಕ್ಕೆ ರಾಹುಕಾಲ ಬಂದುಬಿಡುತ್ತೆ. ಅಷ್ಟರೊಳಗೆ ಒಂದು ಸ್ಕ್ರೂ ಆದ್ರೂ ತಿರುಗಿಸಿಬಿಡ್ಲಿ. ಶುರು ಆದ ಹಾಗೆ ಲೆಕ್ಕ. ಮಿಕ್ಕಿದ್ದು ನಿಧಾನಕ್ಕೆ."

ನಾನು ಹಾಳೆ ನೋಡಿದೆ. ಬುಧವಾರ ಹನ್ನೆರಡರಿಂದ ಒಂದೂವರೆ. ಅಲ್ಲೊಂದು ಕಪ್ಪು ಮುದ್ದೆ.

ಮಂಗಳವಾರ ಮೂರು. ಗುರುವಾರ ಒಂದೂವರೆ. ಶುಕ್ರವಾರ ಹತ್ತೂವರೆ. ನನಗೆ ಗೊತ್ತಿಲ್ಲದ ವೇಳೆಗಳಲ್ಲ ಅವು. ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಬಾಯಿಪಾಠವಾಗಿದ್ದವು.

ಎದುರಿನ ಕಚೇರಿಯಿಂದ ಪತ್ರ ಬರಹಗಾರ ಲಕ್ಷ್ಮೀನರಸಿಂಹ ರಸ್ತೆ ದಾಟಿ ಬರುತ್ತಿದ್ದರು. ಸೈಟು ಕೊಳ್ಳುವವರು, ಮಾರುವವರು, ಅವರ ಮಕ್ಕಳು, ಒಟ್ಟು ಆರು ಜನ ಹಿಂದೆ.

"ಬನ್ನಿ ಬನ್ನಿ, ಒಂದೂವರೆ ತನಕ ಇಲ್ಲಿ ಕೂತಿರಿ. ರಾಹುಕಾಲದಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನನ್ನನ್ನ ಬೈಕೊಂಡು ತಿರುಗ್ಬೇಡಿ. ಮೇಡಂ, ಮೂರು ಸಿಸ್ಟಂ ಕೊಡಿ."

ಅವರು ಪ್ರತಿದಿನ ಹೀಗೆ ಬರುತ್ತಿದ್ದರು. ನಾನು ಅವರ ಹೆಸರನ್ನು ನೂರಾರು ಸಲ ಬರೆದಿದ್ದೆ. ಮುಖ ಅವತ್ತು ನೋಡಿದೆ. ದಪ್ಪ ಮೀಸೆ, ಕಿವಿಯ ಮೇಲೆ ಪೆನ್ನು.

ಊರಿಗೆ ಊರೇ ಆ ಒಂದೂವರೆ ಗಂಟೆ ಕೈಕಟ್ಟಿ ಕೂತಿರುತ್ತದೆ. ಗಾಡಿ ಡೆಲಿವರಿ ತೆಗೆದುಕೊಳ್ಳುವವನು, ಅಂಗಡಿಯಲ್ಲಿ ಹೊಸ ಮಾಲು ಬಿಚ್ಚುವವನು, ಮನೆ ನೋಡಲು ಹೊರಟವನು, ಎಲ್ಲರೂ ಎಲ್ಲೋ ಒಂದು ಕಡೆ ಕೂತು ಹೊತ್ತು ಕಳೆಯುತ್ತಿರುತ್ತಾರೆ. ಹೊಸದನ್ನು ಯಾರೂ ಶುರು ಮಾಡುವುದಿಲ್ಲ, ಮನೆ ಬಾಡಿಗೆಗಿದೆ ಎಂದು ಆರ್ಕುಟ್‌ನಲ್ಲಿ ಹಾಕುವುದನ್ನೂ. ಇನ್ನೊಬ್ಬರು ಹಾಕಿದ್ದನ್ನು ಓದಲು, ಅದಕ್ಕೆ ಎರಡು ಸಾಲು ಬರೆಯಲು ಯಾವ ಕಾಲವಾದರೂ ಆದೀತು.

ಭಾನುವಿಗೆ ಫೋನು ಮಾಡಿದೆ.

"ನಿನ್ನ ಪಾಸ್‌ವರ್ಡ್ ಹೇಳು."

"ಯಾಕಕ್ಕ?"

"ಹೇಳೇ ಬೇಗ!"

ಅವಳು ಒಂದೊಂದೇ ಅಕ್ಷರ ಹೇಳಿದಳು. ನಾನು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ.

ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ಲಿಂಕು ಹಾಕಿದೆ. 'ಎರಡು ನಿಮಿಷ ಕೇಳಿ. ನಮ್ಮ ಊರಿನ ಒಂದು ಬೀದಿ ಹೇಗೆ ಏಳುತ್ತದೆ ಅಂತ.' ಇಷ್ಟೇ ಬರೆದೆ. ಐದು ನಿಮಿಷ ಪಟ್ಟಿಯ ತಲೆಯಲ್ಲೇ ನಿಂತಿತು. ಹತ್ತು ನಿಮಿಷವಾದರೂ ನಿಂತಿತ್ತು. ಆಮೇಲೆ ಕೆಳಗೆ ಒಂದು ಸಾಲು ಬಂತು: 'ಸೂಪರ್, ನಮ್ಮ ತಾತ ಅದೇ ವರ್ಕ್‌ಶಾಪು.' ಇನ್ನೊಂದು: 'ಮತ ಹಾಕಿದೆ.' ಮತ್ತೊಂದು: 'ಯಾರ್ರೀ ಈ ಹುಡುಗಿ?'

ಎರಡನೆಯ ಕ್ಯಾಬಿನ್ನಿನಿಂದಲೇ ಭಾನುವಿನ ದನಿ ಕೇಳಿಸಿತು. ಸೈಟು ಕೊಳ್ಳಲು ಬಂದವರ ಮಗಳು ಹೆಡ್‌ಫೋನ್ ತೆಗೆದು ಜೋರಾಗಿ ಹಾಕಿದ್ದಳು. ಲಕ್ಷ್ಮೀನರಸಿಂಹ ಬಗ್ಗಿ ಕೇಳಿ, "ಏ, ಇದು ಇಲ್ಲಿಗೆ ಬರೋ ಮೆಡಿಕಲ್ ಸ್ಟೋರ್ ಹುಡುಗಿ ಅಲ್ವಾ?" ಎಂದರು. ಆರೂ ಜನ ಮತ ಹಾಕಿದರು. ಇಮೇಲ್ ಇಲ್ಲದ ಮುದುಕರೊಬ್ಬರಿಗೆ ನಾನೇ ಕೂತು ವಿಳಾಸ ಮಾಡಿಕೊಟ್ಟೆ.

ಒಂದೂವರೆಗೆ ಇನ್ನೂರ ನಲವತ್ತಮೂರು ಮತ.

ಗುರುವಾರ ಮಧ್ಯಾಹ್ನ ಭಾನು ಊಟದ ಬಿಡುವಿನಲ್ಲಿ ಓಡಿಬಂದಳು. ಒಂದೂವರೆಗೆ ಇನ್ನೇನು ಹಾಕಬೇಕು, ಮಾವ ಎದ್ದು ಬಂದರು. ಹಿಂದಿನ ದಿನ ನಡೆದದ್ದು ಅವರಿಗೆ ಆಗ ತಿಳಿದಿತ್ತು.

"ಏನು ಮಾಡ್ತಿದೀರಿ ನೀವಿಬ್ರು? ಬೇಕು ಅಂತಲೇ ರಾಹುಕಾಲದಲ್ಲಾ? ಇನ್ನೊಬ್ಬರ ಮನೆ ಮಗು ಹೇಮಾ, ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಉತ್ತರ ಹೇಳೋರು?"

"ಅಪ್ಪಾಜಿ, ರಾಹುಗೆ ಅಶೋಕಪುರಂ ಅಡ್ರೆಸ್ ಗೊತ್ತಿಲ್ಲ ಕಣಿ" ಎಂದಳು ಭಾನು. "ನಿಮ್ಮ ಕುವೆಂಪುನಗರದಲ್ಲೇ ಅವನಿಗೆ ಕೈತುಂಬ ಕೆಲಸ."

ಮಾವನಿಗೆ ನಗು ಬಂತು, ಬಂದದ್ದನ್ನು ತಡೆದುಕೊಂಡರು. ಬೇಡ ಎನ್ನಲಿಲ್ಲ. ಹೊರಗೆ ಹೋಗಿ ಜಗುಲಿಯ ಮೇಲೆ ಬೆನ್ನು ತಿರುಗಿಸಿ ಕೂತರು.

ಆ ಸಂಜೆಗೆ ನಾನೂರ ಐವತ್ತೈದು. ಅಕ್ಷತಾಳಿಗೆ ಐನೂರ ಐವತ್ತು. ಮೊದಲ ಸ್ಥಾನದವಳು ಏಳುನೂರರ ಹತ್ತಿರ, ಅವಳನ್ನು ಮುಟ್ಟುವ ಹಾಗಿರಲಿಲ್ಲ. ನಮಗೆ ಬೇಕಾಗಿದ್ದುದು ಎರಡನೆಯ ಸ್ಥಾನ. ಉಳಿದಿದ್ದುದು ಒಂದೇ ಅವಕಾಶ, ಶುಕ್ರವಾರ ಹತ್ತೂವರೆ.

ಶುಕ್ರವಾರ ಹತ್ತೂ ಹತ್ತಕ್ಕೆ ಕರೆಂಟು ಹೋಯಿತು.

ಹಳೆಯ ಯುಪಿಎಸ್ ಕೊಂಯ್ ಎಂದು ನಾಲ್ಕು ನಿಮಿಷ ಕೂಗಿ ಸುಮ್ಮನಾಯಿತು. ಲಕ್ಷ್ಮೀನರಸಿಂಹ ರಸ್ತೆಯಿಂದಲೇ ಕೂಗಿದರು: "ಮೇಡಂ, ಕುವೆಂಪುನಗರ ಪೂರ್ತಿ ಇಲ್ವಂತೆ! ಮಧ್ಯಾಹ್ನ ಆಗುತ್ತಂತೆ! ನಮ್ಮ ಪಾರ್ಟಿಗಳನ್ನ ವಿವೇಕಾನಂದನಗರಕ್ಕೆ ಆಟೋ ಹತ್ತಿಸಿದೀನಿ, ಅಲ್ಲಿ ಕೂತು ಕಾಯ್ತಾರೆ. ನೀವು ಲಿಂಕ್ ಹಾಕಿ!"

ಎಲ್ಲಿಂದ ಹಾಕಲಿ? ಭಾನುವಿಗೆ ಫೋನು ಮಾಡಿದೆ. "ನಮ್ಮ ಕಡೆ ಕರೆಂಟ್ ಅದೆ ಅಕ್ಕ. ಸ್ಟೋರಿನ ಪಕ್ಕದ ಬೀದೀಲೇ ಒಂದು ಸೈಬರ್ ಅದೆ. ಆದ್ರೆ ಓನರ್ ಇವತ್ತು ಬಂದಿಲ್ಲ, ನಾನೊಬ್ಳೇ ಇವ್ನಿ. ಅಂಗಡಿ ಬಿಟ್ಟು ಹೋದ್ರೆ ಇರೋ ಕೆಲಸಾನೂ ಹೋಯ್ತದೆ."

"ನಾನು ಬರ್ತೀನಿ" ಎಂದೆ.

ಹೇಳಿದ ಮೇಲೆ ಗೊತ್ತಾಯಿತು, ಬಾಗಿಲಲ್ಲಿ ಮಾವ ನಿಂತಿದ್ದಾರೆ ಎಂದು. ಗಡಿಯಾರದಲ್ಲಿ ಹತ್ತೂ ಇಪ್ಪತ್ತೆಂಟು. ಆ ಮನೆಯಿಂದ ರಾಹುಕಾಲದಲ್ಲಿ ಯಾರೂ ಗಾಡಿ ತೆಗೆದು ಹೊರಟದ್ದಿಲ್ಲ. ಅದರಲ್ಲೂ ನಾನು, ಹದಿನಾಲ್ಕು ತಿಂಗಳಿಂದ ಗಾಡಿಯನ್ನೇ ಮುಟ್ಟಿರಲಿಲ್ಲ.

ಮಾವ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದರು.

"ಅವತ್ತು ಮಂಗಳವಾರ" ಎಂದರು. "ಮೂರು ಗಂಟೆಗೇ ಹೊರಟಿದ್ದ ಅವನು. ನಾನೇ ಕೂರಿಸ್ಕೊಂಡೆ. ನಾಲ್ಕೂವರೆ ಆಗ್ಲಿ, ಆಮೇಲೆ ಹೋಗು ಅಂದೆ."

ನಾಲ್ಕೂವರೆಗೆ ಹೊರಟ ಮಹೇಶ್ ನಂಜನಗೂಡು ರಸ್ತೆಯಲ್ಲಿ ಲಾರಿಗೆ ಸಿಕ್ಕಿದ್ದರು.

"ಗೊತ್ತು ಮಾವ" ಎಂದೆ.

ಅವರು ಜುಬ್ಬದ ಜೇಬಿನಿಂದ ನನ್ನ ಸ್ಕೂಟಿಯ ಕೀ ತೆಗೆದು ಕೊಟ್ಟರು. "ಬ್ಯಾಟರಿ ಸರಿಯಾಗಿದೆ. ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ದೆ. ಹೋಗಮ್ಮ. ನಿಧಾನ."

ಸ್ಕೂಟಿ ಒಂದೇ ಒತ್ತಿಗೆ ಹತ್ತಿಕೊಂಡಿತು. ಮೊದಲ ತಿರುವಿನಲ್ಲಿ ಕೈ ಅಲುಗಿತು, ಎರಡನೆಯದರಲ್ಲಿ ಅಲುಗಲಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಿಗ್ನಲ್‌ಗಳೂ ಸತ್ತಿದ್ದರಿಂದ ಎಲ್ಲ ಕಡೆಯಿಂದಲೂ ಎಲ್ಲರೂ ನುಗ್ಗುತ್ತಿದ್ದರು. ಒಬ್ಬ ಆಟೋದವನು, "ಏನಮ್ಮಾ, ಮನೇಲಿ ಹೇಳಿ ಬಂದಿದೀಯಾ?" ಎಂದು ಕೂಗಿದ. "ಹೇಳೇ ಬಂದಿದೀನಿ!" ಎಂದು ನಾನೂ ಕೂಗಿದೆ. ನನಗೇ ಆಶ್ಚರ್ಯವಾಯಿತು. ಮಾನಂದವಾಡಿ ರಸ್ತೆ ದಾಟಿ, ಬೀದಿ ಕೇಳಿಕೊಂಡು, ಆ ಸೈಬರಿನ ಮುಂದೆ ಗಾಡಿ ನಿಲ್ಲಿಸಿದಾಗ ಹತ್ತೂ ನಲವತ್ತಾರು. ಒಳಗೆ ಎಲ್ಲ ಕಂಪ್ಯೂಟರೂ ಭರ್ತಿ. ನನಗೆ ಸಂತೋಷವಾಯಿತು. ಇವರೆಲ್ಲ ಓದುವವರು.

"ಐದು ನಿಮಿಷ ಬಿಟ್ಕೊಡಿ, ನಿಮ್ಮ ಬೀದಿ ಹುಡುಗಿಗೋಸ್ಕರ" ಎಂದೆ.

"ಯಾರು, ಭಾನಕ್ಕಂಗಾ?" ಎಂದು ಒಬ್ಬ ಕಾಲೇಜು ಹುಡುಗಿ ಎದ್ದಳು.

ಹತ್ತೂ ಐವತ್ತೆರಡಕ್ಕೆ ಲಿಂಕು ಹೋಯಿತು. ಸೈಬರಿನಲ್ಲಿದ್ದವರು ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ನೋಡುತ್ತಿದ್ದರು. ಹನ್ನೆರಡು ಹೊಡೆದಾಗ ಐನೂರ ಎಪ್ಪತ್ತು. ಅಕ್ಷತಾಳಿಗೆ ಐನೂರ ಎಂಬತ್ತೊಂದು.

ಮಧ್ಯಾಹ್ನ ಕರೆಂಟು ಬಂತು. ನಾಲ್ಕರ ಹೊತ್ತಿಗೆ ನಮ್ಮ ಕೆಫೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಲಕ್ಷ್ಮೀನರಸಿಂಹ ತಮ್ಮ ಪಾರ್ಟಿಗಳಿಗೆಲ್ಲ ಫೋನು ಮಾಡುತ್ತಿದ್ದರು: "ಸೈಟಿನ ವಿಷಯ ಆಮೇಲೆ ಸ್ವಾಮಿ, ಮೊದಲು ನಿಮ್ಮ ಮಗನಿಗೆ ಹೇಳಿ ಒಂದು ಓಟು ಹಾಕ್ಸಿ!" ಮಾವ ಒಂದನೆಯ ಕ್ಯಾಬಿನ್ನಿನಲ್ಲಿ ಕೂತಿದ್ದರು. ಜೀವನದಲ್ಲಿ ಮೊದಲ ಸಲ ಕಂಪ್ಯೂಟರಿನ ಮುಂದೆ. ಪುಟ ಹೊಸದಾಗಿ ತೋರಿಸುವ ಗುಂಡಿ ಯಾವುದೆಂದು ನಾನು ಹೇಳಿಕೊಟ್ಟಿದ್ದೆ.

"ಒತ್ತಲಾ?"

"ಒತ್ತಿ ಮಾವ."

"ಐನೂರ ತೊಂಬತ್ತೆಂಟು! ಅವಳದ್ದೂ ಅಷ್ಟೇ! ಇನ್ನೊಂದು ಸಲ ಒತ್ತಲಾ?"

"ಒತ್ತೀ!" ಎಂದು ಎಂಟೂ ಕ್ಯಾಬಿನ್ನಿನವರು ಕೂಗಿದರು.

ಬಳಗದಲ್ಲಿ ಭಾನುವಿನ ವಿಷಯ ಇಳಿಯುತ್ತಿತ್ತು. ಹಾಕಿದವರು ಉತ್ತರ ಬರೆಯುವ ಹಾಗಿಲ್ಲ. ನಾಲ್ಕೂ ಮೂವತ್ತೈದಕ್ಕೆ ಅದು ಎರಡನೆಯ ಪುಟಕ್ಕೆ ಬಿತ್ತು. ನಾಲ್ಕೂ ಮೂವತ್ತೆಂಟಕ್ಕೆ ಮತ್ತೆ ಮೊದಲನೆಯ ಪುಟದ ತಲೆಯಲ್ಲಿತ್ತು. ಯಾರು ಬರೆದರೆಂದು ತೆರೆದು ನೋಡಿದೆ. ಚಂದ್ರಮೌಳಿ. 'ಈ ಹುಡುಗಿ ಐದು ದಿನ ನಿಯಮ ಮೀರಲಿಲ್ಲ. ನಾನೂ ಮತ ಹಾಕಿದ್ದೇನೆ.'

ಐದಕ್ಕೆ ಪುಟ ಮುಚ್ಚಿತು. ಮಾವ ಕೊನೆಯ ಸಲ ಒತ್ತಿದರು. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಅಕ್ಷತಾ, ಆರುನೂರ ಮೂರು. ಭಾನುಪ್ರಿಯಾ, ಆರುನೂರ ಹನ್ನೆರಡು.

ನಾನು ಕೂಗಿದೆನಂತೆ. ಲಕ್ಷ್ಮೀನರಸಿಂಹ ಆಮೇಲೆ ಹೇಳಿದರು. ಎದುರಿನ ಕಚೇರಿಯ ಗುಮಾಸ್ತರು ಕಿಟಕಿಗೆ ಬಂದು ನೋಡಿದರಂತೆ. ನನಗೆ ನೆನಪಿರುವುದು ಫೋನಿನಲ್ಲಿ ಭಾನುವಿನ ದನಿ.

"ಒಂದ್ನಿಮಿಷ ಅಕ್ಕ, ಗಿರಾಕಿ ಇದಾರೆ. ಈ ಮಾತ್ರೆ ಊಟ ಆದ್ಮೇಲೆ ತಗೊಳಿ ಅಜ್ಜಿ, ದಿನಕ್ಕೆ ಎರಡು. ಹ್ಞೂ ಹೇಳಿ ಅಕ್ಕ, ಹೋಯ್ತಾ?"

"ಎರಡನೇ ಸ್ಥಾನ ಕಣೇ! ಒಂಬತ್ತು ಮತ ಮುಂದೆ!"

ಆ ಕಡೆ ಏನೋ ಡಬ್ಬ ಬಿದ್ದ ಸದ್ದು. ಆಮೇಲೆ ಒಂದು ಕಿರುಚು. ಆಮೇಲೆ ಬೇರೆ ದನಿ, ಗಡಸು, ವಯಸ್ಸಾದದ್ದು.

"ಯಾರವ್ವ ಅದು? ನಾನು ಭಾನು ಅಪ್ಪ, ಮೂಗಯ್ಯ, ಅವಳಿಗೆ ಟೀ ಕೊಡಕ್ಕೆ ಬಂದಿದ್ದೆ. ಏನಾಯ್ತು? ನನ್ ಮಗಳು ಅಂಗಡೀಲಿ ಆ ಮುದುಕಮ್ಮನ ಕೈ ಹಿಡ್ಕಂಡು ಕುಣೀತಾವ್ಳೆ."

ನಾನು ಹೇಳಿದೆ.

"ಆರುನೂರು ಜನವಾ?" ಎಂದರು.

"ಆರುನೂರ ಹನ್ನೆರಡು."

"ಅವ್ರೆಲ್ಲ ಅವಳ ಮಾತು ಕೇಳಿದ್ರಾ? ಪೂರ್ತಿ?"

"ಪೂರ್ತಿ ಕೇಳಿದ್ರು."

"ಮನೇಲಿ ನಾವು ಒಂದ್ಸಲಾನೂ ಪೂರ್ತಿ ಕೇಳಿಲ್ಲ ಕಣವ್ವ" ಎಂದರು ಮೂಗಯ್ಯ. "ಬಾಯ್ ಮುಚ್ಚು ಅಂತಿದ್ದೋ."